‘ಮರಿ’ ಅಂದು ನಿಂತ ಮಾತು

ಹುಣಸೆಹಣ್ಣಿಗೆ ಮಳೆಗಾಲದಲ್ಲಿ ಬೇರೆಯೇ ಒಂದು ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಹೊಸದಾಗಿ ಮಂಡಿಗೆ ಬಂದಾಗಿನ ಚುರುಕು ಹುಳಿಯಲ್ಲ ಅದು. ತಿಂಗಳುಗಟ್ಟಲೆ ಗೋಣಿಯೊಳಗೆ ಕೂತು, ಕಪ್ಪಾಗಿ, ತೇವಕ್ಕೆ ಬೆವರಿದ ಹಣ್ಣಿನ ವಾಸನೆ. ಮೊನ್ನೆ ಹಿಂದೂಪುರದ ಮಂಡಿ ಬೀದಿಯಲ್ಲಿ ಆಟೋ ನಿಂತಾಗ ಅದು ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರಿತು. ಅದರ ಜೊತೆಗೇ ಒಂದು ಅರ್ಧ ವಾಕ್ಯ ಬಂತು: ‘ಎರಡು ಕಡೆಯೋರೂ ಬಂದ್ರು, ನಮ್ ಬೀದಿಗೆ ನೀರ್ ಬಿಡ್ತೀವಿ ಅಂದ್ರು, ನೀರು…’

ಆ ಮಾತನ್ನು ಆಡಿದವರು ಕಲ್ಯಾಣದುರ್ಗದ ಓಬಳೇಶಪ್ಪ. ಅದನ್ನು ಮುಗಿಸುವುದು ಹಿಂದಿನ ಒಂದು ಮಳೆಗಾಲದಲ್ಲಿ ನನ್ನ ಕೆಲಸವಾಗಿತ್ತು. ಅದಾದ ಮೇಲೆ ಓಬಳೇಶಪ್ಪ ಇವತ್ತಿನವರೆಗೂ ಒಂದು ಪೂರ್ತಿ ಮಾತು ಆಡಿಲ್ಲ.

ವಾಸನೆ ಹಿಡಿದುಕೊಂಡು ನೆನಪು ಬಂತು ಎಂದು ಬರೆಯುವುದು ನನಗೆ ಇಷ್ಟವಾಗುವುದಿಲ್ಲ. ಬಹಳ ಸುಲಭದ ದಾರಿ ಅದು. ಆದರೆ ಈ ಸಲ ಬಂದದ್ದು ಹಾಗೆಯೇ, ಏನು ಮಾಡಲಿ. ಇದರಲ್ಲಿ ಬೇರೆ ಏನೇನು ಸುಲಭವಾಗಿ ಒದಗಿ ಬರುತ್ತದೋ ಅದನ್ನೆಲ್ಲ ಅನುಮಾನದಿಂದಲೇ ಬರೆಯುತ್ತೇನೆ.

ನಮ್ಮ ಆಫೀಸು ಎಂದರೆ ಹುಣಸೆಹಣ್ಣಿನ ಗೋಡೌನಿನ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಹಮಾಲರು ಮೂಟೆ ಎಸೆದಾಗಲೆಲ್ಲ ನಮ್ಮ ಮೇಜುಗಳ ಮೇಲಿನ ಟೀ ಲೋಟಗಳು ಅಲುಗುತ್ತಿದ್ದವು. ಎಲ್ಲಿಯದೋ ಒಂದು ಕಂಪನಿ, ಗಡಿನಾಡಿನ ಕನ್ನಡದಲ್ಲಿ ರಾಜಕೀಯ ಮಾತನಾಡುವ ಭಾಷಾ ಮಾದರಿಯನ್ನು ತಯಾರು ಮಾಡಿಸುತ್ತಿತ್ತು. ಯಾರಾದರೂ ಒಂದು ವಾಕ್ಯ ಶುರು ಮಾಡಿದರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ಮುಗಿಸಬೇಕು. ಹಾಗೆ ಮುಗಿಸುವುದನ್ನು ಅದಕ್ಕೆ ಕಲಿಸುವವರು ನಾವು. ತೆರೆಯ ಮೇಲೆ ಒಂದು ಅರ್ಧ ವಾಕ್ಯ ಬರುತ್ತದೆ. ಅದರ ಕೆಳಗೆ ಯಂತ್ರ ತನಗೆ ತೋಚಿದ ಮೂರು ಕೊನೆಗಳನ್ನು ತೋರಿಸುತ್ತದೆ. ಒಂದು ಸರಿಯಾಗಿದ್ದರೆ ಅದನ್ನು ಒತ್ತಬೇಕು, ಇಲ್ಲದಿದ್ದರೆ ನಾವೇ ಒಂದು ಕೊನೆ ಬರೆಯಬೇಕು. ಬೆಳಗಿನಿಂದ ಸಂಜೆಯವರೆಗೆ, ಬಾಯಲ್ಲಿ ಹುಳಿನೀರು ತುಂಬಿಕೊಂಡು, ಬೇರೆಯವರ ಮಾತು ಮುಗಿಸುವುದು.

ನಾನು ಲೇಪಾಕ್ಷಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅದಕ್ಕೆ ಮುಂಚೆ ಕನ್ನಡ ಮಾಧ್ಯಮದ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು; ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆ ಮುಚ್ಚಿತು. ಪಕ್ಕದ ಮೇಜಿನಲ್ಲಿ ಮಂಜುಳ ಕೂರುತ್ತಿದ್ದಳು. ಕಲ್ಯಾಣದುರ್ಗದ ಮಗ್ಗದ ಮನೆಯ ಹುಡುಗಿ, ವಾರವಿಡೀ ಹಿಂದೂಪುರದಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುವವಳು. ನಮಗೆಲ್ಲ ಮೇಲಿನವನು ಚಂದ್ರು. ಕುಂದುರ್ಪಿ ಕಡೆಯ ರೈತರ ಮನೆಯವನು, ಕಂಪ್ಯೂಟರ್ ಓದಿದವನು, ಕಂಪನಿಯ ಫೋನು ಬಂದರೆ ಎದ್ದು ನಿಂತು ಮಾತಾಡುವವನು.

ಶುರುವಿನಲ್ಲಿ ಯಂತ್ರಕ್ಕೆ ಬರುತ್ತಿದ್ದದ್ದು ಪತ್ರಿಕೆಯ ಕನ್ನಡ ಒಂದೇ. ಏನು ಕೊಟ್ಟರೂ ಕೊನೆಗೆ ಯಾರೋ ಏನನ್ನೋ ಆರೋಪಿಸುತ್ತಿದ್ದರು, ಇಲ್ಲವೇ ಮೂಲಗಳು ತಿಳಿಸುತ್ತಿದ್ದವು.

‘ಇದಕ್ಕೆ ಯಾವನಕ್ಕಾ ಕನ್ನಡ ಕಲಿಸ್ದೋನು?’ ಎಂದು ಮಂಜುಳ ಕೇಳಿದಳು. ‘ಮುದ್ದೆ ಉಂಡೆ ಅಂತ ಕೊಟ್ರೂ ಆರೋಪ ಮಾಡ್ತದಲ್ಲ.’

‘ಪೇಪರ್ ಓದ್ಕೊಂಡು ಬೆಳೆದಿರೋದು ಕಣೇ, ಪಾಪ.’

‘ಹಂಗಾರೆ ಒಂದ್ ವಾರ ನಮ್ ಮಾವನ್ ತಾವ ಬಿಡ್ಬೇಕು. ನಾಲ್ಗೆ ನೆಟ್ಗಾಯ್ತದೆ.’

ಅವಳ ಸೋದರಮಾವನೇ ಓಬಳೇಶಪ್ಪ. ಚಂದ್ರು ಆ ಮಾತನ್ನು ತಮಾಷೆಗೆ ಬಿಡಲಿಲ್ಲ. ‘ಯಾರವರು? ರಾಜಕೀಯ ಮಾತಾಡ್ತಾರಾ? ರೆಕಾರ್ಡ್ ಮಾಡ್ಕೊಂಡ್ ಬಾ’ ಎಂದ.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಓಬಳೇಶಪ್ಪನಿಗೆ ದಾರ, ಗುಂಡಿ, ಜಿಪ್ಪು, ಎಲಾಸ್ಟಿಕ್ ಮಾರುವ ಒಂದು ಅಂಗಡಿ. ಮನೆ ಅದರ ಹಿಂದೆಯೇ. ಮಗ್ಗ ನಿಂತ ಮೇಲೂ ದಾರದ ನಂಟು ಬಿಡಲಾರದೆ ಇಟ್ಟ ಅಂಗಡಿ. ಭಾನುವಾರ ಸಂಜೆ ಅರ್ಧ ಬಾಗಿಲು ಹಾಕಿ, ಮೀಸೆ ಬಾಚಿಕೊಂಡು, ಕನ್ನಡ ತೆಲುಗು ಎರಡೂ ಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ವಾರದ ರಾಜಕೀಯ ಹೇಳುತ್ತಿದ್ದರು. ಕೇಳಲು ಜನ ಸೇರುತ್ತಿದ್ದರು. ಜನ ಕಡಿಮೆಯಾದ ದಿನ ಅವರಿಗೆ ಸಿಟ್ಟು ಬರುತ್ತಿತ್ತು. ಅಂಥ ದಿನ ಹೆಂಡತಿ ಸಾಕಮ್ಮನನ್ನೂ ಕರೆದು ಮುಂದೆ ಕೂರಿಸಿಕೊಳ್ಳುತ್ತಿದ್ದರಂತೆ.

ಮಂಜುಳ ತಂದ ಮೊದಲ ರೆಕಾರ್ಡಿಂಗನ್ನು ಕೇಳಿದಾಗ ನಮಗೆ ಅರ್ಥವಾದದ್ದು ಒಂದು: ಈ ಮನುಷ್ಯ ಯಾವ ವಾಕ್ಯವನ್ನೂ ಮುಗಿಸುವುದಿಲ್ಲ. ಮುಕ್ಕಾಲು ದೂರ ಹೋಗುತ್ತಾರೆ, ‘ಮರಿ…’ ಎನ್ನುತ್ತಾರೆ, ನಿಲ್ಲುತ್ತಾರೆ. ಕನ್ನಡದ ಮರಿಯಲ್ಲ, ತೆಲುಗಿನ ಮರಿ. ‘ಮತ್ತೆ?’ ಎಂದು, ‘ಹಾಗಾದರೆ?’ ಎಂದು. ನಮ್ಮ ಕಡೆ ಕನ್ನಡ ಮಾತಾಡುವವರ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ಅವರು ‘ಮರಿ’ ಎಂದು ನಿಂತ ಕೂಡಲೇ ಮುಂದೆ ಕೂತವರಲ್ಲಿ ಯಾರೋ ಒಬ್ಬರು ಮಿಕ್ಕಿದ್ದನ್ನು ಹೇಳುತ್ತಾರೆ, ಎಲ್ಲರೂ ನಗುತ್ತಾರೆ.

ಯಂತ್ರಕ್ಕೆ ತೆಲುಗಿನ ಮರಿ ಗೊತ್ತಿರಲಿಲ್ಲ. ‘ಕಾರಿಳಿದ್ರು, ಕೈ ಮುಗುದ್ರು, ಫೋಟೋ ಹಿಡಿಸ್ಕಂಡ್ರು, ಹೋದ್ರು, ಮರಿ…’ ಎಂದು ಕೊಟ್ಟರೆ ಅದು ಬರೆಯುತ್ತಿತ್ತು: ‘…ಗಳಿಗೆ ಲಸಿಕೆ ಹಾಕಿಸುವಂತೆ ಕುರಿಗಾಹಿಗಳಿಗೆ ಸಲಹೆ ನೀಡಿದರು.’ ಇನ್ನೊಂದು ಕಡೆ ಮರಿಗಳಿಗೆ ಕಾಲುಬಾಯಿ ರೋಗ. ಮತ್ತೊಂದು ಕಡೆ ಮರಿಗಳನ್ನು ಸಂತೆಗೆ ಸಾಗಿಸುವಾಗ ಲಾರಿ ಪಲ್ಟಿ. ಮಂಜುಳ ಕುರ್ಚಿಯಿಂದ ಜಾರುವಷ್ಟು ನಕ್ಕಳು. ‘ಅಕ್ಕಾ, ನಮ್ ಮಾವ ಎಮ್ಮೆಲ್ಯೆನ ಬೈದ್ರೆ ಇದು ಕುರಿ ಕಾಯಕ್ ಹೋಯ್ತದೆ!’

ಚಂದ್ರು ನಗಲಿಲ್ಲ. ಕಂಪನಿಯಿಂದ ಫೋನು ಬಂದಿತ್ತಂತೆ: ನಿಮ್ಮ ಕೇಂದ್ರದಿಂದ ಬರುವ ರಾಜಕೀಯದಲ್ಲಿ ಇಷ್ಟೊಂದು ಕುರಿ ಯಾಕಿವೆ?

‘ಆ ಪದ ಕಿತ್ತಾಕ್ರಿ ಮೇಡಂ’ ಎಂದ ನನಗೆ. ‘ಎಲ್ಲಾ ಕಡೆಯಿಂದ. ಇನ್ಮೇಲೆ ಬರ್ಕೊಳ್ಳೋವಾಗ್ಲೇ ಬಿಟ್ಬಿಡಿ.’

‘ಆ ಮಾತಿನ ಜೀವ ಇರೋದೇ ಅದರಲ್ಲಿ ಚಂದ್ರು’ ಎಂದು ನಾನು ಹೇಳಿದ ಹಾಗೆ ನೆನಪು. ಆದರೆ ಇದು ನಾನು ಆಮೇಲೆ ಸೇರಿಸಿಕೊಂಡ ಮಾತೂ ಇರಬಹುದು. ನಾನು ಸುಮ್ಮನೆ ತಲೆಯಾಡಿಸಿದ್ದೆ ಎನ್ನುತ್ತಾಳೆ ಮಂಜುಳ. ಏನೇ ಆಗಲಿ, ಮರಿ ಹೋಯಿತು. ಹಳೆಯ ಬರಹಗಳಿಂದ ಒಂದೇ ಗುಂಡಿ ಒತ್ತಿ ತೆಗೆದೆವು. ಹೊಸ ರೆಕಾರ್ಡಿಂಗುಗಳನ್ನು ಕೇಳಿ ಬರೆಯುವಾಗ ಮಂಜುಳ ಅದನ್ನು ಹಾರಿಸಿಯೇ ಬರೆಯುತ್ತಿದ್ದಳು. ಕೆಲವು ವಾರಗಳಲ್ಲಿ ಆ ಪದ ತನ್ನ ಕಿವಿಗೆ ಬೀಳುವುದೇ ನಿಂತುಹೋಯಿತು ಎಂದು ಅವಳೇ ಹೇಳಿದ್ದಳು. ಯಂತ್ರಕ್ಕೆ ಮುಗಿಸುವುದನ್ನು ಕಲಿಸುತ್ತ ನಾವೂ ಏನೋ ಕಲಿಯುತ್ತಿದ್ದೆವು.

ಒಂದು ಭಾನುವಾರ ನಾನೂ ಅವಳ ಜೊತೆ ಕಲ್ಯಾಣದುರ್ಗಕ್ಕೆ ಹೋದೆ. ಮಡಕಶಿರಾ ದಾಟಿ ಪಾವಗಡದ ಮೇಲೆ ಹೋಗುವ ಬಸ್ಸು ಅದು. ಆಂಧ್ರದಲ್ಲಿ ಹತ್ತಿದವರು ನಡುವೆ ಕರ್ನಾಟಕ ಹಾದು ಮತ್ತೆ ಆಂಧ್ರದಲ್ಲಿ ಇಳಿಯುತ್ತಾರೆ. ಉತ್ತರೆ ಮಳೆ ಹಿಡಿದಿತ್ತು. ಕಡಲೆಕಾಯಿ ಹೊಲಗಳು ನೆನೆದು ಕೆಂಪಗಿದ್ದವು, ಕುರಿ ಮಂದೆಗಳು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ‘ನೋಡಕ್ಕಾ, ನಮ್ ಯಂತ್ರದ ರಾಜಕೀಯ’ ಎಂದು ಮಂಜುಳ ಕಿಟಕಿಯಿಂದ ತೋರಿಸಿದಳು.

ಓಬಳೇಶಪ್ಪ ನನ್ನನ್ನು ನೋಡಿದ ಕೂಡಲೇ ಹೆಸರಿಟ್ಟರು. ‘ಏನಮ್ಮಾ ಲೇಪಾಕ್ಷಿ, ನನ್ ಮಾತ್ ಮುಗಿಸಕ್ಕೆ ನಿಂಗೆ ಸಂಬ್ಳ ಕೊಡ್ತಾರಂತೆ? ಇಲ್ಲಿ ಇವ್ರೆಲ್ಲ ಪುಕ್ಸಟ್ಟೆ ಮುಗಿಸ್ತಾವ್ರೆ ನೋಡು, ದಡ್ಡರು.’

‘ನಮ್ಗೂ ಹೇಳ್ರಮ್ಮಾ, ಒಂದ್ ಕೆಲ್ಸ ಕೊಡ್ಸಿ’ ಎಂದ ಮುಂದೆ ಕೂತವನೊಬ್ಬ.

‘ನೀನ್ ಮುಗಿಸಿದ್ರೆ ಪೊಲೀಸ್ ಬತ್ತದೆ, ಸುಮ್ಕಿರ್ಲಾ.’

ಆ ದಿನ ಅವರು ಹೇಳಿದ್ದು ಒಂದು ರಸ್ತೆಯ ವಿಷಯ. ‘ರೋಡ್ ಹಾಕ್ಸಿದ್ರು. ಸುಳ್ಳೇಳ್ಬಾರ್ದು, ಚೆನ್ನಾಗೇ ಹಾಕ್ಸಿದ್ರು. ಎಲ್ಲೀ ತಂಕ? ಒಂದ್ ಮನೆ ತಂಕ. ಆ ಮನೆ ಆದ್ಮೇಲೆ ಮಣ್ಣು. ಮರಿ…’

ಎಂದು ಪತ್ರಿಕೆಯನ್ನು ಕೆಳಗಿಟ್ಟು ಎಲ್ಲರ ಮುಖ ನೋಡಿದರು. ‘ರೋಡಿಗೂ ಸುಸ್ತಾಗಿರ್ತದೆ, ಆ ಮನೇಲೇ ಮಲೀಕಂಡೈತೆ!’ ಎಂದ ಯಾರೋ. ಅಂಗಡಿ ನಗುವಿನಲ್ಲಿ ತುಂಬಿಹೋಯಿತು. ಓಬಳೇಶಪ್ಪ ಮಾತ್ರ ನಗಲಿಲ್ಲ; ಹುಬ್ಬು ಮೇಲೆತ್ತಿ, ಅಂಥ ಮಾತು ಈ ಅಂಗಡಿಯಲ್ಲಿ ಯಾರಪ್ಪಾ ಆಡಿದ್ದು ಎನ್ನುವ ಹಾಗೆ ನೋಡುತ್ತಿದ್ದರು.

ಯಾಕೆ ಮುಗಿಸುವುದಿಲ್ಲ ಎಂದು ಆಮೇಲೆ ಕೇಳಿದೆ. ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. ‘ಈ ಊರಾಗೆ ಎರಡ್ ಕಡೆ ಐತೆ ಕಣಮ್ಮ. ಎರಡ್ ಕಡೆಯೋರೂ ನನ್ ತಾವಾನೇ ಗುಂಡಿ ತಗಳದು. ಅರ್ಧ ನಾನಂದೆ, ಇನ್ನರ್ಧ ನೀನಂದೆ. ಯಾರ್ನ ಬಂದ್ ಹೊಡೀತಾರೆ?’ ಇದು ಭಯದ ಮಾತಾಯಿತು ಎನ್ನಿಸಿತೋ ಏನೋ, ಮೀಸೆ ಸರಿಮಾಡಿಕೊಂಡು, ‘ಟೀವಿಯೋರು ಎಲ್ಲಾ ಹೇಳ್ಬುಡ್ತಾರೆ, ಕೇಳೋನಿಗೆ ಏನೂ ಕೆಲ್ಸ ಇರಲ್ಲ. ನಂದು ಹಂಗಲ್ಲ’ ಎಂದರು.

ಸಾಕಮ್ಮ ಒಳಗೆ ಮಂಡಕ್ಕಿಯ ಉಗ್ಗಾಣಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದು ಕೊಟ್ಟರು. ಹಿತ್ತಲಿನಲ್ಲಿ ಎರಡು ಕುರಿ ಕಟ್ಟಿದ್ದವು, ಒಂದು ಗಬ್ಬವಾಗಿತ್ತು. ‘ಮನೇಲೂ ಹಿಂಗೇ ಕಣಮ್ಮ ಇವ್ರು’ ಎಂದರು ಸಾಕಮ್ಮ. ‘ಉಪ್ಪು ಕಮ್ಮಿ ಆದ್ರೆ ಉಪ್ಪು ಕಮ್ಮಿ ಅನ್ನಲ್ಲ. ಸಾರು ಚೆನ್ನಾಗೈತೆ, ಮರಿ… ಅಂತಾರೆ. ನಾನೆದ್ದು ಉಪ್ಪು ತರ್ಬೇಕು. ಮದ್ವೆ ಆದಾಗ್ನಿಂದ ಇದೇ ಆಯ್ತು.’ ಹೇಳುವಾಗ ದೂರುವಂತಿದ್ದರೂ ಅವರ ಮುಖ ಅರಳಿತ್ತು. ಆ ಮನೆಯಲ್ಲಿ ಮರಿ ಎನ್ನುವುದು ಗಂಡ ಹೆಂಡತಿಯನ್ನು ಕರೆಯುವ ಒಂದು ರೀತಿ ಎಂದು ನನಗೆ ಆಗ ಅನ್ನಿಸಿತು. ಸೋಮವಾರ ಆಫೀಸಿಗೆ ಹೋಗಿ ಆ ರಸ್ತೆಯ ಮಾತಿನಿಂದಲೂ ಮರಿಯನ್ನು ತೆಗೆದೆವು.

ಆಮೇಲೆ ಹಸ್ತ ಮಳೆ ಬಂತು. ಪಂಚಾಯ್ತಿ ಚುನಾವಣೆಯ ಮಾತು ಎಲ್ಲ ಕಡೆ ಎದ್ದಿತ್ತು. ನಮ್ಮ ಯಂತ್ರವೂ ಸುಧಾರಿಸಿತ್ತು. ಆರೋಪಿಸುವುದು ಕಡಿಮೆಯಾಗಿ, ನಮ್ಮ ಹಾಗೆ ಚುಚ್ಚುವುದನ್ನು ಕಲಿತಿತ್ತು. ಅಂಥ ಒಂದು ಭಾನುವಾರ ಮಂಜುಳ ಒಬ್ಬಳೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಳು. ನಾನು ಆ ದಿನ ಅಲ್ಲಿರಲಿಲ್ಲ. ಆದರೂ ಅಲ್ಲಿದ್ದ ಹಾಗೆಯೇ ಕಾಣುತ್ತದೆ, ಏಕೆಂದರೆ ಆ ರೆಕಾರ್ಡಿಂಗನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ತಗಡಿನ ಮೇಲೆ ಏನೋ ಸುರಿಯುವ ಶಬ್ದವಿದೆ. ನಾನು ಅದನ್ನು ಮಳೆ ಎಂದುಕೊಂಡಿದ್ದೆ. ಅವತ್ತು ಮಳೆಯೇ ಇರಲಿಲ್ಲ, ಪಕ್ಕದ ಅಂಗಡಿಯವನು ತಗಡಿನ ಮೇಲೆ ಕಡಲೆಕಾಯಿ ಸುರಿಯುತ್ತಿದ್ದ ಎನ್ನುತ್ತಾಳೆ ಮಂಜುಳ. ನನ್ನ ನೆನಪಿನಲ್ಲಿ ಇನ್ನೂ ಮಳೆಯೇ ಬರುತ್ತಿದೆ, ಬಿಡಲು ಒಪ್ಪುತ್ತಿಲ್ಲ.

ಆ ಶಬ್ದದ ನಡುವೆ ಓಬಳೇಶಪ್ಪನ ದನಿ. ‘ಎಲೆಕ್ಷನ್ ಬಂತು. ಎರಡು ಕಡೆಯೋರೂ ಬಂದ್ರು, ನಮ್ ಬೀದಿಗೆ ನೀರ್ ಬಿಡ್ತೀವಿ ಅಂದ್ರು, ನೀರು…’

ಮೌನ. ಆಮೇಲೆ ನಗು. ‘ಪೇಪರ್ನಾಗೆ ಬಿಟ್ಟವ್ರೆ!’ ಎಂದು ಒಬ್ಬ ಮುಗಿಸುತ್ತಾನೆ.

‘ನೀರು…’ ಮತ್ತೆ ಅದೇ ದನಿ, ಸ್ವಲ್ಪ ಕೆಳಗೆ.

ಇನ್ನೂ ದೊಡ್ಡ ನಗು. ‘ಬೋರ್‌ವೆಲ್ ಒಳ್ಗೇ ಐತೆ ಬಿಡಪ್ಪಾ, ಎಲ್ಲೋಯ್ತದೆ!’ ಮಂಜುಳನ ನಗು ಎಲ್ಲಕ್ಕಿಂತ ಹತ್ತಿರದಲ್ಲಿದೆ, ಫೋನು ಅವಳ ಕೈಯಲ್ಲೇ ಇತ್ತಲ್ಲ. ಆಮೇಲೆ ಪತ್ರಿಕೆ ಮಡಚುವ ಸದ್ದು, ಚಪ್ಪಾಳೆ. ‘ಈ ವಾರ ಮಾವ ಬೇಗ ನಿಲ್ಸ್ಬುಟ್ರು’ ಎಂದು ಅವಳು ಯಾರಿಗೋ ಹೇಳುವುದು ಕೇಳಿಸಿ ರೆಕಾರ್ಡಿಂಗ್ ಮುಗಿಯುತ್ತದೆ.

ಅದರಲ್ಲಿ ಮರಿ ಇಲ್ಲ. ಎರಡು ಸಲ ನಿಂತರೂ ಒಂದು ಸಲವೂ ಅವರು ಮರಿ ಅನ್ನಲಿಲ್ಲ. ಅವರು ಬೇಕೆಂದು ನಿಲ್ಲುವುದಕ್ಕೂ ಕಾಯಿಲೆಯಿಂದ ಮಾತು ನಿಲ್ಲುವುದಕ್ಕೂ ವ್ಯತ್ಯಾಸ ತೋರಿಸುವ ಗುರುತು ಅದೊಂದೇ. ಆ ಗುರುತನ್ನು ಹುಡುಕಿ ಹುಡುಕಿ ಅಳಿಸುವುದರಲ್ಲಿ ನಾವು ಆ ಮಳೆಗಾಲವನ್ನೆಲ್ಲ ಕಳೆದಿದ್ದೆವು. ಅಂಗಡಿಯಲ್ಲಿದ್ದವರಿಗಾದರೂ ಗೊತ್ತಾಗಬೇಕಿತ್ತು ಎನ್ನಬಹುದು. ಆದರೆ ಅವರು ವರ್ಷಗಟ್ಟಲೆ ಅರ್ಧ ಮಾತಿಗೆ ನಕ್ಕು ಅಭ್ಯಾಸವಾದವರು. ನಡುವೆ ನಿಂತ ಮಾತನ್ನು ಬೇರೆ ಯಾವ ಊರಿನಲ್ಲಾದರೂ ಯಾರಾದರೂ ಒಬ್ಬರು ‘ಯಾಕಪ್ಪಾ, ಏನಾಯ್ತು?’ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಮುಗಿಸಿದರು.

ಎರಡನೆಯ ಸಲದ ‘ನೀರು’ ರಾಜಕೀಯವೋ, ಬಾಯಾರಿಕೆಯೋ, ಈಗ ಯಾರೂ ಹೇಳಲಾರರು.

ಸೋಮವಾರ ಆ ವಾಕ್ಯ ನನ್ನ ತೆರೆಯ ಮೇಲೆ ಬಂತು. ಯಂತ್ರ ಕೊಟ್ಟ ಕೊನೆ ‘…ಬಿಟ್ಟು ಸಮಸ್ಯೆಯನ್ನು ಶೀಘ್ರವೇ ಬಗೆಹರಿಸುವ ಭರವಸೆ ನೀಡಿದರು’ ಎಂದಿತ್ತು. ಅದನ್ನು ಹೊಡೆದು ನಾನು ಬರೆದೆ: ‘…ಬಂತು, ಪೈಪಿನಾಗಲ್ಲ, ಬಾಟ್ಲಿಯಾಗೆ.’ ಚಂದ್ರು ಬಂದು ನೋಡಿ ‘ಸೂಪರ್ ಮೇಡಂ’ ಎಂದ. ಆ ವಾಕ್ಯಕ್ಕೆ ಅತ್ಯುತ್ತಮ ಎಂಬ ಗುರುತು ಹಾಕಿ ಮುಂದೆ ಕಳಿಸಿದ. ಕೆಳಗೆ ಹಮಾಲರು ಮೂಟೆ ಇಳಿಸುತ್ತಿದ್ದರು. ಅದೇ ಹೊತ್ತಿಗೆ ಮಂಜುಳನಿಗೆ ಸಾಕಮ್ಮನ ಫೋನು ಬಂತು. ಕೆಳಗಿನ ಗದ್ದಲದಲ್ಲಿ ಅವಳು ಒಂದು ಕಿವಿ ಮುಚ್ಚಿಕೊಂಡು ಕಿಟಕಿಯ ಹತ್ತಿರ ಹೋಗಿ ಮಾತಾಡಿದಳು.

‘ಏನಂತೆ?’ ಎಂದೆ.

‘ನಮ್ಮತ್ತೆ. ಮರಿ ಬತ್ತಿಲ್ಲ ಅಂತ ಗೋಳಾಡ್ತಾವ್ಳೆ ಅಕ್ಕ. ಕುರಿ ಈಯಕ್ಕೆ ಒದ್ದಾಡ್ತಿರ್ಬೇಕು. ದನದ ಡಾಕ್ಟ್ರನ್ನ ಕರ್ಸು ಅಂದೆ.’

ಇದನ್ನು ಇಲ್ಲಿಗೆ ನಿಲ್ಲಿಸಿದರೆ ಬಹಳ ಚೆನ್ನಾಗಿರುತ್ತದೆ: ಯಂತ್ರ ಮಾಡಿದ ತಪ್ಪನ್ನೇ, ಆ ತಪ್ಪಿಗೆ ಬಿದ್ದು ಬಿದ್ದು ನಕ್ಕವಳೂ ಮಾಡಿದಳು. ಅಷ್ಟು ಚೆನ್ನಾಗಿ ಹೊಂದುವುದರಿಂದಲೇ ನನಗೆ ನಂಬಿಕೆಯಿಲ್ಲ. ಆಮೇಲೆ ಸಾಕಮ್ಮನನ್ನು ಕೇಳಿದೆ. ‘ನಾನ್ಯಾಕ್ ಮರಿ ಅನ್ಲಿ? ಮಾತು ಬತ್ತಿಲ್ಲ ಅಂದೆ ಕಣಮ್ಮ’ ಎಂದರು. ಇನ್ನೊಂದು ಸಲ ಕೇಳಿದಾಗ, ‘ಎರಡೂ ಅಂದಿದ್ನೇನೋ. ಅದೇ ತಾನೇ ಬತ್ತಿರ್ಲಿಲ್ಲ ಅವ್ರಿಗೆ’ ಎಂದರು. ಮಂಜುಳ ಮಾತ್ರ ತಾನು ಕೇಳಿದ್ದು ಮರಿ ಎಂದೇ ಆಣೆ ಇಡುತ್ತಾಳೆ. ಯಾರ ಮಾತು ಸರಿಯಾದರೂ ಆದದ್ದು ಒಂದೇ. ಸಾಕಮ್ಮನ ಮನೆಯ ಬಾಗಿಲಿಗೆ ಆ ಮಧ್ಯಾಹ್ನ ದನದ ಡಾಕ್ಟರು ಬಂದರು. ಗಬ್ಬದ ಕುರಿಯನ್ನು ಮುಟ್ಟಿ ನೋಡಿ, ಇನ್ನೂ ದಿನ ಇದೆ ಎಂದು ಹೇಳಿ ಹೋದರು. ಓಬಳೇಶಪ್ಪ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕುಡಿಸಿದ ನೀರು ತುಟಿಯ ಒಂದು ಬದಿಯಿಂದ ಇಳಿಯುತ್ತಿತ್ತು. ನೆಗಡಿ ಜ್ವರ ಇರಬೇಕೆಂದು ಸಾಕಮ್ಮ ಕಷಾಯ ಕಾಸಿದ್ದರು.

ಮಾರನೆಯ ದಿನ ಬಲಗೈ ಏಳಲಿಲ್ಲ. ಆಗ ಅನಂತಪುರಕ್ಕೆ ಕರೆದುಕೊಂಡು ಹೋದರು. ಸುದ್ದಿ ಬಂದ ಕೂಡಲೇ ಚಂದ್ರು ನಮ್ಮಿಬ್ಬರನ್ನೂ ಯಾರದೋ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೆದುಳಿಗೆ ರಕ್ತ ಹೋಗುವ ದಾರಿಯಲ್ಲಿ ತಡೆಯಾಗಿದೆ, ಮಾತಿನ ಜಾಗಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಯಾವಾಗ ಶುರುವಾಯಿತು ಎಂದು ಕೇಳಿದರು. ಸಾಕಮ್ಮ ಭಾನ್ವಾರ ಎಂದರು. ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡು, ‘ಅವತ್ತೇ ತಂದಿದ್ದರೆ…’ ಎಂದು ನಿಂತರು.

ಮುಂದಿನದನ್ನು ನಮ್ಮಲ್ಲಿ ಯಾರೂ ಹೇಳಲಿಲ್ಲ.

ಚುನಾವಣೆಯ ಮಾತು ತಣ್ಣಗಾಯಿತು, ಚಿತ್ತೆ ಮಳೆ ಹೆಸರಿಗೆ ನಾಲ್ಕು ಹನಿ ಹಾಕಿ ಹೋಯಿತು. ಆ ಭಾನುವಾರದ ವಾಕ್ಯವನ್ನು ತೆಗೆಸಿಬಿಡೋಣ ಎಂದು ನಾನೂ ಮಂಜುಳನೂ ಚಂದ್ರುವನ್ನು ಕೇಳಿದೆವು. ಅವನು ಕಂಪನಿಗೆ ಫೋನು ಮಾಡಿದ, ಎಂದಿನಂತೆ ಎದ್ದು ನಿಂತು. ಬಹಳ ಹೊತ್ತು ತೆಲುಗು ಇಂಗ್ಲಿಷುಗಳಲ್ಲಿ ಏನೇನೋ ಬೇಡಿಕೊಂಡ. ಆಮೇಲೆ ಕೂತ.

‘ತೆಗಿಯಕ್ಕಾಗಲ್ಲಂತೆ ಮೇಡಂ. ಒಳಗೆ ಹೋಗ್ಬಿಟ್ಟಿದೆಯಂತೆ. ಬೇರೆದ್ರ ಜೊತೆ ಕಲೆತ್ಬಿಟ್ಟಿದೆ.’

‘ಸಾರಿನಾಗೆ ಉಪ್ಪು ಕಲೆತಂಗಾ?’ ಎಂದಳು ಮಂಜುಳ. ಅವಳು ಅದನ್ನು ತಮಾಷೆಗೆ ಹೇಳಿದಳೋ, ಸಿಟ್ಟಿನಿಂದಲೋ, ಮುಖ ನೋಡಿದರೂ ಗೊತ್ತಾಗಲಿಲ್ಲ. ಮಳೆಗಾಲದ ಜೊತೆಗೆ ಕೆಲಸವೂ ಮುಗಿಯಿತು. ನಮ್ಮ ಕೋಣೆಯಲ್ಲಿ ಈಗ ಹುಣಸೆಹಣ್ಣಿನ ಮೂಟೆಗಳಿವೆ.

ಮೊನ್ನೆ ಆ ವಾಸನೆ ಹಿಡಿದುಕೊಂಡ ಮೇಲೆ ಬಿಡಲಿಲ್ಲ. ಮುಂದಿನ ಭಾನುವಾರ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಮಂಜುಳ ಈಗ ಊರಿನಲ್ಲೇ ಇದ್ದಾಳೆ, ಸರ್ಕಾರಿ ಅರ್ಜಿ ಹಾಕಿಕೊಡುವ ಮೀಸೇವಾ ಕೇಂದ್ರವೊಂದರಲ್ಲಿ ಕೆಲಸ. ಅಂಗಡಿ ತೆರೆದಿತ್ತು. ಸಾಕಮ್ಮ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಯಾವುದೋ ಹುಡುಗಿಗೆ ಎಲಾಸ್ಟಿಕ್ ಅಳೆದು ಕೊಡುತ್ತಿದ್ದರು. ಓಬಳೇಶಪ್ಪ ಎಂದಿನ ಜಾಗದಲ್ಲೇ ಇದ್ದರು, ಮೀಸೆ ಬಾಚಿತ್ತು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ವಸ್ತುವಿನಂತಿತ್ತು. ಪತ್ರಿಕೆಗಳು ಪಕ್ಕದಲ್ಲಿದ್ದವು. ಹಳೆಯ ಗಿರಾಕಿಗಳಲ್ಲಿ ಇಬ್ಬರು ಮೂವರು ಇನ್ನೂ ಬರುತ್ತಾರಂತೆ. ಬಂದು ಕೂತು, ಅವರ ಮುಂದೆ ಪತ್ರಿಕೆ ಓದಿ ಹೋಗುತ್ತಾರಂತೆ.

‘ಲೇ… ಪಾ…’ ಎಂದರು ನನ್ನನ್ನು ನೋಡಿ. ಮಿಕ್ಕ ಅಕ್ಷರ ಬರಲಿಲ್ಲ.

ಮಂಜುಳ ತನ್ನ ಫೋನನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟಳು. ನಾವು ಕಲಿಸಿದ ಯಂತ್ರ ಈಗ ಯಾರ ಫೋನಿನಲ್ಲಿ ಬೇಕಾದರೂ ಸಿಗುತ್ತದೆ. ‘ಮಾವ ಶುರು ಮಾಡಿದ್ರೆ ಸಾಕಲ್ಲಕ್ಕ, ಇದು ಮುಗಿಸ್ತದೆ ಅಂತ’ ಎಂದಳು, ನನ್ನ ಮುಖ ನೋಡದೆ. ‘ಅವ್ರ ಮಾತಿನ್ ಮೇಲೇ ಕಲ್ತಿರೋದು ತಾನೇ. ಅವ್ರ ಬಾಯಾಗಿ ಇರ್ತದೆ ಅಂದ್ಕಂಡೆ.’ ಎಷ್ಟೋ ದಿನದಿಂದ ಆಸೆ ಇಟ್ಟುಕೊಂಡು ಮಾಡುತ್ತಿದ್ದಾಳೆ ಎಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಅದು ಕೈಗೂಡಿಲ್ಲ ಎಂದೂ.

‘ಹೇಳಿ ಮಾವ.’

ಓಬಳೇಶಪ್ಪ ಫೋನಿನ ಕಡೆ ಬಗ್ಗಿದರು. ‘ಈ… ಸಲ… ಪಂಚಾಯ್ತಿ…’

ತೆರೆಯ ಮೇಲೆ ಮೂರು ಸಾಲು ಬಂದವು. ಮಂಜುಳ ಮೊದಲನೆಯದನ್ನು ಓದಿದಳು: ‘ಈ ಸಲ ಪಂಚಾಯ್ತಿಗೆ ನಿಂತೋರು ಗೆದ್ದಮೇಲೆ ಕುಂತ್ಕತಾರೆ, ನಾವು ನಿಂತ್ಕಂಡೇ ಇರ್ತೀವಿ.’

ಕೂತವರಲ್ಲಿ ಒಬ್ಬ ನಕ್ಕ. ಓಬಳೇಶಪ್ಪ ನಗಲಿಲ್ಲ. ಎಡಗೈ ಎತ್ತಿ ನನ್ನ ಕಡೆ ತೋರಿಸಿ, ಕಷ್ಟಪಟ್ಟು, ‘ನಿಂದು’ ಎಂದರು. ನಿಜ. ಆ ಸಾಲನ್ನು ಗೋಡೌನಿನ ಮೇಲೆ ಕೂತು ಬರೆದವಳು ನಾನೇ. ಅವರಿಗೆ ಅದರ ಗುರುತು ಹೇಗೆ ಸಿಕ್ಕಿತೋ. ಮಂಜುಳ ಎರಡನೆಯದನ್ನು ಓದಿದಳು. ಅವಳ ಕಡೆ ಬೆರಳು ತಿರುಗಿತು. ‘ನಿಂದು.’ ಮೂರನೆಯದನ್ನು ಓದಲು ಅವರು ಬಿಡಲಿಲ್ಲ, ಕೈಯಾಡಿಸಿ ಬೇಡವೆಂದರು. ಆ ಯಂತ್ರದೊಳಗೆ ಅವರ ಶುರುಗಳಿದ್ದವು, ಕೊನೆಗಳೆಲ್ಲ ನಮ್ಮವು. ಅವರ ಕೊನೆ ಎಂಬುದೊಂದು ಇದ್ದರೆ ಅದು ಆ ಒಂದು ಪದ. ಅದನ್ನು ಒಳಗೆ ಹೋಗಲು ನಾವು ಬಿಟ್ಟಿರಲಿಲ್ಲ.

ಅವರು ಮತ್ತೆ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು.

‘ಮ… ಮರಿ…’

ಸಾಕಮ್ಮನ ಕೈಯಲ್ಲಿ ಎಲಾಸ್ಟಿಕ್ ಎಳೆದುಕೊಂಡಂತೆಯೇ ನಿಂತಿತು. ಕಾಯಿಲೆ ಬಿದ್ದ ಮೇಲೆ ಈ ಪದ ಇದೇ ಮೊದಲ ಸಲ ಬಂದದ್ದು ಎಂದು ಅವರ ಮುಖ ಹೇಳುತ್ತಿತ್ತು. ಓಬಳೇಶಪ್ಪ ಮಾತನ್ನು ನಮ್ಮ ಕೈಗೆ ಕೊಟ್ಟರೋ, ಇಲ್ಲಾ ಸಿಕ್ಕ ಒಂದು ಪದ ನಾಲಗೆಗೆ ಬಂದು ನಿಂತಿತೋ ನನಗೆ ಗೊತ್ತಿಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು, ಹಳೆಯ ಕ್ರಮದಲ್ಲೇ, ಹುಬ್ಬು ಮೇಲೆತ್ತಿ. ಒಂದು ಮಳೆಗಾಲವೆಲ್ಲ ಅವರ ಮಾತು ಮುಗಿಸುವುದನ್ನೇ ಉದ್ಯೋಗವಾಗಿ ಮಾಡಿದ್ದ ನಾವಿಬ್ಬರೂ ಬಾಯಿ ಕಟ್ಟಿದಂತೆ ಕೂತಿದ್ದೆವು.

‘ಏನಾರ ಅನ್ರಮ್ಮ’ ಎಂದರು ಸಾಕಮ್ಮ. ‘ಕಾಯ್ತಾವ್ರೆ.’

ಅಷ್ಟರಲ್ಲಿ ಸ್ಟೂಲಿನ ಮೇಲೆ ಫೋನು ಬೆಳಗಿತು. ಮಂಜುಳ ಅಭ್ಯಾಸಬಲದಿಂದ ಓದಲು ಶುರು ಮಾಡಿದಳು: ‘ಮರಿಗಳಿಗೆ ಉಚಿತವಾಗಿ ಲಸಿಕೆ…’ ಎಂದು ಅಲ್ಲಿಗೇ ನಿಂತಳು.

ಓಬಳೇಶಪ್ಪನ ಮುಖದ ಎಡಭಾಗ ನಕ್ಕಿತು. ಬಲಭಾಗ ಮೊದಲಿದ್ದ ಹಾಗೆಯೇ ಇದ್ದು, ನಮ್ಮನ್ನು ಕಾಯುತ್ತಿತ್ತು.